ತೊಂಬತ್ತೊಂದರ ಅಂಬಾ

ಪುಣೆಯ ಬಿಬವೇವಾಡಿಯ ಹಣಮಂತ್ರಾಯರ ಮನೆಯಲ್ಲಿ ಮಕ್ಕಳನ್ನು ಪರಿಚಯ ಮಾಡಿಕೊಡುವ ರೀತಿಯೇ ಬೇರೆ. ಸವದತ್ತಿ ಕಡೆಯ ನೆಂಟರು ಜೇಜುರಿಯ ಖಂಡೋಬಾನ ದರ್ಶನಕ್ಕೆ ಬಂದಾಗ ಒಂದು ಹೊತ್ತು ಇವರಲ್ಲಿ ಇಳಿದುಕೊಳ್ಳುವುದು ವಾಡಿಕೆ. ಹಣೆ ತುಂಬ ಅರಿಸಿನದ ಭಂಡಾರ ಬಳಿದುಕೊಂಡು ಊಟಕ್ಕೆ ಕೂತವರಿಗೆ ಹಣಮಂತ್ರಾಯರು ಮಗನನ್ನು ತೋರಿಸಿ, ಇವನು ಅವಧೂತ, ನೂರಾ ಹನ್ನೆರಡು ಎನ್ನುತ್ತಿದ್ದರು. ಆಮೇಲೆ ರೊಟ್ಟಿ ಬಡಿಸುತ್ತಿದ್ದ ಮಗಳತ್ತ ಕೈ ಮಾಡಿ, ಇವಳು ಅಂಬಾ, ತೊಂಬತ್ತೊಂದು ಎನ್ನುತ್ತಿದ್ದರು. ಬುದ್ಧಿ ಅಳೆಯುವ ಪರೀಕ್ಷೆಗಳ ತಲೆಬುಡ ನೆಂಟರಿಗೇನು ಗೊತ್ತು? ಆದರೆ ನೂರಾ ಹನ್ನೆರಡು ದೊಡ್ಡದು, ತೊಂಬತ್ತೊಂದು ಸಣ್ಣದು ಎಂಬುದಕ್ಕೆ ಯಾರ ಪಾಠವೂ ಬೇಕಿರಲಿಲ್ಲ. ಅಂಬಾಳನ್ನು ಅಯ್ಯೋ ಪಾಪ ಎಂಬಂತೆ ನೋಡಿ, ಅವಳು ಮಾಡಿದ ಎಣ್ಣೆಗಾಯಿಯನ್ನು ಮಾತ್ರ ಸಂಕೋಚವಿಲ್ಲದೆ ಇನ್ನೊಮ್ಮೆ ಹಾಕಿಸಿಕೊಳ್ಳುತ್ತಿದ್ದರು.

ಈ ಅಂಕಿಗಳು ಮನೆಗೆ ಬಂದು ಇಪ್ಪತ್ತೈದು ವರ್ಷವಾಯಿತು. ಅಂಬಾ ಹತ್ತನೆಯ ತರಗತಿಯಲ್ಲಿದ್ದಾಗ ಶಾಲೆಯವರೇ ಎಲ್ಲ ಮಕ್ಕಳಿಗೂ ಒಂದು ಸಾಮರ್ಥ್ಯ ಪರೀಕ್ಷೆ ಮಾಡಿಸಿದ್ದರು. ಅದರಲ್ಲಿ ಅವಳಿಗೆ ಬಂದದ್ದು ತೊಂಬತ್ತೊಂದು. ಮರುವರ್ಷ ತಮ್ಮ ಅವಧೂತನನ್ನು ಅಪ್ಪನೇ ಬೇರೊಂದು ಕಡೆ ಕರೆದುಕೊಂಡು ಹೋಗಿ ಐಕ್ಯೂ ಪರೀಕ್ಷೆಗೆ ಕೂರಿಸಿದರು. ಅಲ್ಲಿ ನೂರಾ ಹನ್ನೆರಡು ಬಂತು. ಅದೇ ವರ್ಷ ಅವ್ವ ತೀರಿಕೊಂಡಳು. ಜೋಳದ ಹಿಟ್ಟು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುವ ಅಂಗಡಿಯನ್ನು ಅರ್ಧ ದಿನ ನೋಡಿಕೊಳ್ಳುತ್ತಿದ್ದವಳು ಅವಳೇ. ಈಗ ಇಬ್ಬರು ಮಕ್ಕಳಲ್ಲಿ ಒಬ್ಬರು ಹಣದ ಪೆಟ್ಟಿಗೆ ನೋಡಿಕೊಂಡು ಗಲ್ಲೆಯ ಮೇಲೆ ಕೂರಲೇಬೇಕಿತ್ತು. ಹಣಮಂತ್ರಾಯರು ಕೆಟ್ಟವರಲ್ಲ. ಗಂಡು ಹೆಣ್ಣು ಎಂದು ಭೇದ ಮಾಡಬಾರದೆಂದೇ ಅವರು ಅಂಕಿ ನೋಡಿದ್ದು. ಮಗ ನೂರು ದಾಟಿದ್ದಾನೆ, ಮಗಳು ನೂರು ಮುಟ್ಟಿಲ್ಲ. ಇದಕ್ಕಿಂತ ನ್ಯಾಯ ಇನ್ನೇನು ಬೇಕು ಎಂದುಕೊಂಡರು. ಹನ್ನೊಂದನೆಯ ತರಗತಿಯನ್ನು ನಡುವೆಯೇ ಬಿಟ್ಟು ಅಂಬಾ ಅಂಗಡಿಗೆ ಬಂದಳು.

ಇದರಲ್ಲಿ ಕೆಟ್ಟದ್ದೆಂದರೆ ಅವಳೂ ಅದನ್ನು ನಂಬಿದ್ದು. ಒಂದು ಕದದ ಅಂಗಡಿಯನ್ನು ಎರಡು ಕದದ್ದು ಮಾಡಿದಳು. ಹಿಂದಿನ ಖೋಲಿಯಲ್ಲಿ ರೊಟ್ಟಿ ಬಡಿಯಲು ಹೆಂಗಸರನ್ನು ಇಟ್ಟುಕೊಂಡಳು. ಪುಣೆಯ ಮರಾಠಿ ಮಂದಿಗೆ ಗುರೆಳ್ಳು ಚಟ್ನಿಯ ರುಚಿ ಹತ್ತಿಸಿದಳು. ಯಾರಾದರೂ ಹೊಗಳಿದರೆ ಎಲ್ಲ ಖಂಡೋಬಾನ ಕೃಪೆ ಎಂದುಬಿಡುತ್ತಿದ್ದಳು. ಮಗಳು ರೇಣು ಚಿಕ್ಕವಳಿದ್ದಾಗ ಲೆಕ್ಕ ಹೇಳಿಸಿಕೊಳ್ಳಲು ಬಂದರೆ, ಉತ್ತರ ಮನಸ್ಸಿನಲ್ಲೇ ಹೊಳೆದಿದ್ದರೂ, ನನ್ನ ತಲೆಗೆ ಅದೆಲ್ಲ ಹತ್ತುವುದಿಲ್ಲ, ನಿಮ್ಮ ಮಾಮಾನನ್ನು ಕೇಳು ಎಂದು ಅವಧೂತನಿದ್ದ ಮೇಲಿನ ಮಹಡಿಗೆ ಅಟ್ಟುತ್ತಿದ್ದಳು. ಮದುವೆಯಾದರೂ ಅಂಗಡಿಗಾಗಿ ಅವಳು ತವರಲ್ಲೇ ಉಳಿದಿದ್ದಳು. ಗಂಡ ರಾಜೀವ ಸಾಂಗ್ಲಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ ರವಿವಾರಕ್ಕೊಮ್ಮೆ ಬರುವವನು. ಅವನು ಎಷ್ಟು ಬೈದರೂ ಅವಳು ತನ್ನನ್ನು ದಡ್ಡಿ ಎಂದುಕೊಳ್ಳುವುದನ್ನು ಬಿಡಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಹಳೆಯ ಕಥೆ ಮತ್ತೆ ಬಾಗಿಲು ತಟ್ಟಿತು. ರೇಣು, ಅವಧೂತನ ಮಗ ಮಾಂತು ಇಬ್ಬರೂ ಹತ್ತನೆಯದು ಮುಗಿಸಿದ್ದರು. ಇಬ್ಬರಿಗೂ ಸಾಯನ್ಸ್ ಬೇಕು, ಇಬ್ಬರಿಗೂ ಸದಾಶಿವ ಪೇಠೆಯ ಒಂದೇ ಕೋಚಿಂಗ್ ಕ್ಲಾಸಿಗೆ ಮಧ್ಯಾಹ್ನದ ಹೊತ್ತು ಸೇರುವ ಆಸೆ. ಅತ್ತ ಹಣಮಂತ್ರಾಯರ ಮೊಣಕಾಲು ಕೈಕೊಟ್ಟಿತ್ತು. ಮಧ್ಯಾಹ್ನ ಅಂಬಾ ಹಿಂದಿನ ಖೋಲಿಯಲ್ಲಿ ರೊಟ್ಟಿಯ ಕೆಲಸ ನೋಡುವಾಗ ಗಲ್ಲೆಗೆ ಒಬ್ಬರು ಬೇಕು. ಅಲ್ಲಿ ಪರರನ್ನು ಕೂರಿಸುವುದು ಮುದುಕರಿಗೆ ಜೀವ ಹೋದರೂ ಆಗದು. ಮತ್ತೆ ಅಂಕಿಗಳು ಹೊರಬಿದ್ದವು. ಶಾಲೆಯ ಪರೀಕ್ಷೆಯಲ್ಲಿ ರೇಣುವಿಗೆ ಎಂಬತ್ತೆಂಟು. ಅವಧೂತ ಮಾಡಿಸಿದ ಐಕ್ಯೂನಲ್ಲಿ ಮಾಂತುವಿಗೆ ನೂರಾ ಒಂಬತ್ತು. ರೇಣು ಕಾಮರ್ಸ್ ಓದಲಿ, ಬೆಳಗ್ಗೆ ಕಾಲೇಜು, ಮಧ್ಯಾಹ್ನ ಅಂಗಡಿ ಎಂದು ತೀರ್ಪು ಬಂತು.

ರೇಣು ಅಳಲಿಲ್ಲ, ವಾದ ಮಾಡಲಿಲ್ಲ. ಅವತ್ತು ಸಂಜೆ ಯಾರೂ ಹೇಳದಿದ್ದರೂ ತಾನಾಗಿಯೇ ಬಂದು ಗಲ್ಲೆಯ ಮೇಲೆ ಕೂತಳು. ಹಿಟ್ಟಿನ ಕೈಯಲ್ಲಿ ಹೊರಗೆ ಬಂದ ಅಂಬಾ ಅದನ್ನು ನೋಡಿದಳು. ಹದಿನಾರರ ಹುಡುಗಿ ಅಷ್ಟು ಬೇಗ ಒಪ್ಪಿಕೊಂಡಿದ್ದಳಲ್ಲ, ಅದಕ್ಕೆ ಅಂಬಾಳ ಮೈಯೆಲ್ಲ ಉರಿದುಹೋಯಿತು. ಆ ವಯಸ್ಸಿನಲ್ಲಿ ತಾನೂ ಹೀಗೇ ತೆಪ್ಪಗೆ ಬಂದು ಕೂತಿದ್ದಳು. ಕೈ ತೊಳೆಯದೆ ನೇರ ಅಪ್ಪನ ಎದುರು ಹೋಗಿ ನಿಂತಳು.

"ರೇಣು ಕ್ಲಾಸಿಗೆ ಹೋಗ್ತಾಳ್ರಿ ಅಪ್ಪಾ. ಅಕಿದು ಎಂಬತ್ತೆಂಟ ಇರ್ಲಿ, ಎಂಟ ಇರ್ಲಿ."

ಮಗಳು ಎದುರು ಮಾತಾಡಿದ್ದು ಅದೇ ಮೊದಲು. ಹಣಮಂತ್ರಾಯರಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ನಾನು ಹೇಳಿದರೆ ಪಕ್ಷಪಾತ ಎನ್ನುತ್ತೀ, ಕ್ಲಾಸಿನವರ ಬಾಯಿಂದಲೇ ಕೇಳು ಎಂದು ಮರುದಿನ ಮಗಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು, ಮೊಮ್ಮಕ್ಕಳ ಎರಡೂ ಕಾಗದ ಹಿಡಿದು ಸದಾಶಿವ ಪೇಠೆಗೆ ಹೊರಟರು. ಗೆದ್ದೇ ಗೆಲ್ಲುತ್ತೇನೆಂದು ದಾರಿಯುದ್ದಕ್ಕೂ ಅವರ ಮುಖ ಕಳೆಕಳೆಯಾಗಿತ್ತು.

ಕ್ಲಾಸಿನಲ್ಲಿ ಮಕ್ಕಳಿಗೆ ಸಲಹೆ ಕೊಡುವ ಸುರಭಿ ಮೇಡಂ ಎರಡೂ ಕಾಗದ ನೋಡಿದರು. ಹಣಮಂತ್ರಾಯರು ಮರಾಠಿಯಲ್ಲಿ ತಮ್ಮ ನ್ಯಾಯವನ್ನೆಲ್ಲ ವಿವರಿಸಿದರು. ಮೇಡಂ ನಗಲಿಲ್ಲ, ಅದು ಅವರ ದೊಡ್ಡತನ. ರೇಣುವಿನ ಕಾಗದದಲ್ಲಿರುವುದು ಪರ್ಸೆಂಟೈಲ್, ಅಂದರೆ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಎಂಬತ್ತೆಂಟು ಮಂದಿ ಇವಳ ಹಿಂದೆ ಎಂದರು. ಐಕ್ಯೂನಲ್ಲಿ ನೂರು ಎಂದರೆ ಪೂರ್ತಿ ಎಂದಲ್ಲ, ನಡುಮಧ್ಯ. ಮಾಂತುವಿನ ನೂರಾ ಒಂಬತ್ತನ್ನು ಅದೇ ಸಾಲಿನಲ್ಲಿ ನಿಲ್ಲಿಸಿದರೆ ಅವನ ಹಿಂದೆ ಎಪ್ಪತ್ತು ಚಿಲ್ಲರೆ ಮಕ್ಕಳು ಇರಬಹುದು. ಇಷ್ಟು ಹೇಳಿ ಮೇಡಂ ಇನ್ನೊಂದು ಮಾತು ಸೇರಿಸಿದರು. ಇದೂ ಅಂದಾಜೇ. ಪರೀಕ್ಷೆ ಬೇರೆ, ಪ್ರಶ್ನೆ ಬೇರೆ, ಯಾವ ಮಕ್ಕಳ ಜೊತೆ ಹೋಲಿಸಿದ್ದಾರೋ ಆ ಮಕ್ಕಳೂ ಬೇರೆ. ಅದೇ ಮಗು ಇನ್ನೊಂದು ದಿನ ಬರೆದರೆ ಇನ್ನೊಂದು ಅಂಕಿ ಬರುತ್ತದೆ. ಇಬ್ಬರನ್ನೂ ಓದಿಸಿ, ಇವೆರಡನ್ನು ಒಂದರ ಪಕ್ಕ ಒಂದು ಇಡಬೇಡಿ ಎಂದರು.

ಹಣಮಂತ್ರಾಯರಿಗೆ ಈ ಕೊನೆಯ ಮಾತು ಕೇಳಿಸಲೇ ಇಲ್ಲ. ಅವರು ಕುರ್ಚಿಯ ಹಿಡಿ ಹಿಡಿದುಕೊಂಡು ಮಗಳ ಕಡೆ ತಿರುಗಿದ್ದರು.

"ನಿಂದೂ ಪರ್ಸೆಂಟೈಲ್ ಅಂತನ ಇತ್ತಲ್ಲವಾ, ಅಂಬಾ?"

ಹೌದು, ಅದೇ ಪದ ಇತ್ತು. ಅಂಬಾಳಿಗೂ ಚೆನ್ನಾಗಿ ನೆನಪಿತ್ತು. ನೂರಕ್ಕೆ ತೊಂಬತ್ತೊಂದು ಎಂದುಕೊಂಡು, ತಮ್ಮನದು ನೂರು ದಾಟಿದ ಮೇಲೆ ಅದನ್ನು ಮರೆಯಲು ನೋಡಿದ್ದಳು.

ಮನೆಗೆ ಮರಳುವ ದಾರಿಯಲ್ಲಿ ಸ್ವಾರ್‌ಗೇಟ್ ಬರುವವರೆಗೆ ಅವಳಿಗೆ ಖುಷಿಯಾಗಿತ್ತು, ಸುಳ್ಳೇಕೆ ಹೇಳಬೇಕು? ನೂರರಲ್ಲಿ ತೊಂಬತ್ತೊಂದು ಮಕ್ಕಳು ತನ್ನ ಹಿಂದೆ! ರಿಕ್ಷಾದವನಿಗೂ ಹೇಳಿಬಿಡೋಣ ಎನಿಸಿತ್ತು. ಅಲ್ಲಿಂದ ಮುಂದೆ ದುಃಖ ಒತ್ತಿಕೊಂಡು ಬಂತು. ಅಪ್ಪನೊಬ್ಬರ ಮೇಲಿನ ಸಿಟ್ಟಲ್ಲ ಅದು. ರೇಣು ಲೆಕ್ಕದ ಪುಸ್ತಕ ಹಿಡಿದು ಬಂದಾಗಲೆಲ್ಲ ಬಾಯಿ ಮುಚ್ಚಿಕೊಂಡು ಅವಳನ್ನು ಮೇಲಿನ ಮಹಡಿಗೆ ಅಟ್ಟಿದವಳು ತಾನೇ ಅಲ್ಲವೇ ಎಂಬ ಸಂಕಟ.

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಹಣಮಂತ್ರಾಯರು ಹೊಸ ತೀರ್ಪು ಕೊಟ್ಟರು. ತಪ್ಪಾಯಿತು, ಮೇಡಂ ಹೇಳಿದ ಲೆಕ್ಕದಲ್ಲಿ ಅಂಬಾನೇ ಮುಂದಿದ್ದಳು, ಅವಧೂತ ಹಿಂದಿದ್ದ ಎಂದು ಎಲ್ಲರೆದುರು ಒಪ್ಪಿಕೊಂಡರು. ಎಪ್ಪತ್ತು ದಾಟಿದ ಮನುಷ್ಯ ಹಾಗೆ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಆದರೆ ಅಲ್ಲಿಗೆ ನಿಲ್ಲಿಸದೆ, ಆದ್ದರಿಂದ ರೇಣು ಕ್ಲಾಸಿಗೆ, ಮಾಂತು ಅಂಗಡಿಗೆ ಎಂದುಬಿಟ್ಟರು. ಅವಧೂತ ತುತ್ತು ಕೆಳಗಿಟ್ಟ. ಮಾಂತು ತಟ್ಟೆಯಿಂದ ತಲೆ ಎತ್ತಲಿಲ್ಲ. ಮುನ್ನಾದಿನ ಸಂಜೆ ರೇಣು ಗಲ್ಲೆಯ ಮೇಲೆ ಹೇಗೆ ಕೂತಿದ್ದಳೋ ಇವನೂ ಹಾಗೇ ಕೂತಿದ್ದ. ಅಂಬಾಳಿಗೆ ಅದನ್ನು ನೋಡಿ ಸಹಿಸಲಾಗಲಿಲ್ಲ.

"ಮಾಂತೂ ಅಂಗಡ್ಯಾಗ ಕೂಡಂಗಿಲ್ರಿ," ಎಂದಳು. "ನಿನ್ನೆ ತನಕಾ ನಾ ದಡ್ಡಿ, ಇವತ್ತ ಶಾಣ್ಯಾಕಿ. ನಾ ಏನ ಬದಲಾದೆ, ಹೇಳ್ರಿ? ನನ್ನ ಮಗಳನ್ನ ಕಳಸಾಕ ಈ ಹುಡುಗನ್ನ ಹಿಂದ ತಳ್ಳೂದ ಆದ್ರ ನಂಗ ಆ ನ್ಯಾಯ ಬ್ಯಾಡ. ಇಬ್ರೂ ಹೋಗ್ತಾರ."

ಹಾಗಾದರೆ ಮಧ್ಯಾಹ್ನ ಗಲ್ಲೆಗೆ ಯಾರು ಎಂದು ಅಪ್ಪ ಕೇಳಿದರು. ಯಾರೂ ಇಲ್ಲ, ಒಂದರಿಂದ ನಾಲ್ಕರವರೆಗೆ ಅಂಗಡಿ ಬಂದ್ ಎಂದಳು ಅಂಬಾ. ನಲವತ್ತು ವರ್ಷದಲ್ಲಿ ಒಂದು ಮಧ್ಯಾಹ್ನವೂ ಕದ ಹಾಕಿಲ್ಲ ಎಂದು ಅವರು ಗುಡುಗಿದರು. ಅರ್ಧ ಪುಣೆ ಆ ಹೊತ್ತಿಗೆ ಕದ ಹಾಕಿ ಮಲಗುತ್ತದೆ, ಯಾರೂ ಉಪವಾಸ ಸತ್ತಿಲ್ಲ ಎಂದು ಇವಳು ಅಷ್ಟೇ ಜೋರಾಗಿ ಹೇಳಿದಳು. ಅವಧೂತ ನಡುವೆ ಬಾಯಿ ಹಾಕಿ, ಅಕ್ಕ ಹೇಳಿದ್ದೇ ಸರಿ ಎಂದ. ಮುದುಕರು ಅವನನ್ನು ಸುಮ್ಮನಿರಿಸಿ, ಆ ಮೂರು ತಾಸು ನೀನೂ ಮಲಗುವವಳೇನು ಎಂದು ಮಗಳನ್ನು ಚುಚ್ಚಿದರು.

ರೊಟ್ಟಿಯ ಕೆಲಸ ನೋಡುತ್ತಲೇ ಓದುತ್ತೇನೆ ಎಂದಳು ಅಂಬಾ. ಕಾಲೇಜಿಗೆ ಹೋಗದೆ ಹನ್ನೆರಡನೆಯ ಪರೀಕ್ಷೆಗೆ ಕೂರುವವರು ಹದಿನೇಳನೇ ನಂಬರಿನ ಫಾರ್ಮು ತುಂಬುತ್ತಾರಲ್ಲ, ಅದನ್ನು ತುಂಬುತ್ತೇನೆ ಎಂದಳು. ರೇಣು ಕಣ್ಣರಳಿಸಿ ಅವ್ವನನ್ನೇ ನೋಡಿದಳು. ಹಣಮಂತ್ರಾಯರ ಬಾಯಿಗೆ ಹಳೆಯ ಚಟವೇ ಬಂತು.

"ಈ ಹುಡುಗರಕಿಂತ ಕಡಿಮಿ ಮಾರ್ಕ್ಸ್ ಬಿದ್ರ?"

"ಬೀಳ್ಲಿ ಬಿಡ್ರಿ ಅಪ್ಪಾ," ಎಂದಳು ಅಂಬಾ. "ಇಷ್ಟು ವರ್ಷ ನೀವು ಹಚ್ಚಿದ ನಂಬರ್ ಹೊತ್ತೇನಿ. ಇನ್ನ ಬರೂದು ನಂದು. ಅದನ್ನ ಯಾರ ಬಾಜೂಕೂ ಇಡಬ್ಯಾಡ್ರಿ."