ಯೋಸೇಫನ ಮುಖಕ್ಕೆ ನೆರಳು

ಬೆಳಗಿನ ಬಸ್ಸಿಗೆ ಯಾದಗಿರಿ ಬಿಟ್ಟೆ. ಸುರಪುರಕ್ಕೆ ಇದು ಮೂರನೇ ಓಡಾಟ. ನಿಜಾಮರ ಆಡಳಿತ ಹೋಗಿ ಎರಡು ವರ್ಷವಾಗಿದ್ದರೂ ಟಿಕೇಟಿಗೆ ನಾನು ಕೊಟ್ಟದ್ದು ಅವರ ನಾಣ್ಯವನ್ನೇ. ಕಂಡಕ್ಟರ್ ತಿರುವಿ ನೋಡಿ, "ರಾಜ್ಯ ಹೋದ್ರೂ ರೊಕ್ಕ ಹೋಗವಲ್ದು ನೋಡ್ರಿ ಮಾಸ್ತರ" ಎಂದು ನಕ್ಕ. ಭೀಮಾ ದಾಟುವ ಹೊತ್ತಿಗೇ ಬಿಸಿಲು ಚುರುಗುಟ್ಟುತ್ತಿತ್ತು.

ಶಹಾಪುರದಲ್ಲಿ ಟೈರು ಪಂಕ್ಚರಾಗಿ ಎರಡು ತಾಸು ಕಳೆಯಿತು. ಗಂಟಿನಲ್ಲಿದ್ದ ರೊಟ್ಟಿ, ಶೇಂಗಾ ಹಿಂಡಿ ತಿಂದು ಬೇವಿನ ಬುಡದಲ್ಲಿ ಕೂತೆ.

ನಮ್ಮ ಮನೆತನದಲ್ಲಿ ಬಿ.ಎ. ಆದವನು ನಾನೊಬ್ಬನೇ. ಅಪ್ಪ ಯಾದಗಿರಿ ಸ್ಟೇಷನ್ನಿನಲ್ಲಿ ಕಂದೀಲು ಒರೆಸಿ ಹಚ್ಚುತ್ತಿದ್ದ. ನಾನು ಚಿಕ್ಕವನಿದ್ದಾಗಲೇ ತೀರಿಕೊಂಡ. ಅವನ ನೆನಪಿಗೆ ನಮ್ಮ ಚರ್ಚಿಗೊಂದು ಚಿತ್ರ ಕೊಡಬೇಕೆಂದು, ಹೈದರಾಬಾದಿನಲ್ಲಿ ಓದುವಾಗ ಕೊಂಡ ಅಚ್ಚಿನ ಪಟವನ್ನು ಸುರಪುರದ ಚಿತ್ರಗಾರ ಬಸಣ್ಣನಿಗೆ ಮಾದರಿಯಾಗಿ ಕೊಟ್ಟಿದ್ದೆ. ಅದರಲ್ಲಿ ಕೂಸು ಯೇಸುವಿನ ಮೈಯಿಂದಲೇ ಬೆಳಕು ಹೊಮ್ಮಿ ಮರಿಯಳ ಮುಖಕ್ಕೆ ಬಿದ್ದಿದೆ. ಹಿಂದೆ, ಕತ್ತಲಲ್ಲಿ, ಕಂದೀಲು ಹಿಡಿದ ಅವಳ ಗಂಡ ಯೋಸೇಫ. ಆ ಯೋಸೇಫನಿಗಾಗಿಯೇ ಪಟ ಕೊಂಡಿದ್ದೆ.

ಸುರಪುರ ಮುಟ್ಟಿದಾಗ ಹೊತ್ತು ವಾಲಿತ್ತು. ಬಸಣ್ಣ ಹಲಗೆಯ ಮೇಲಿನ ಬಟ್ಟೆ ತೆಗೆದ. ಯೋಸೇಫ ಮದುಮಗನ ಹಾಗೆ ಹೊಳೆಯುತ್ತಿದ್ದ.

"ನೆರಳು ಎಲ್ಲೈತೋ ಬಸಣ್ಣ?"

"ಪಟಕ್ಕ ಮಸಿ ಹಿಡದೈತಿ ಅಂತ ತಿಳದಿದ್ದೆ ನೋಡ್ರಿ. ದೇವರ ಮನ್ಯಾನವರ ಮಾರಿಗೆ ಯಾರರ ಕಪ್ಪು ಬಳೀತಾರೇನ್ರಿ? ನಾವು ರಾಕ್ಷಸರಿಗಷ್ಟಾ ಬಳಿಯೋದು."

ಎಲ್ಲರೂ ಹೊಳೆದರೆ ಕೂಸಿನ ಬೆಳಕು ಕಾಣುವುದು ಹೇಗೆ ಎಂದು ಪಾಠ ಹೇಳಿದೆ. ಅಪ್ಪನ ವಿಷಯವನ್ನೂ ಹೇಳಿದೆ. ಬಸಣ್ಣ ಪಟವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಆತ್ರಿ. ಆದ್ರ ಬರೇ ಕಪ್ಪು ಬಳಿದ್ರ ಅದು ಮಾರಿ ಅಲ್ಲ, ಮಸಿ ಹಿಡಿದ ಗ್ವಾಡಿ ಆಕ್ಕೈತಿ. ಮೊದಲ ಮಾರಿ ಪೂರಾ ಬರೀಬೇಕು, ಅದರ ಮ್ಯಾಲ ತೆಳ್ಳಗ ನೆಳ್ಳ ಎಳೀಬೇಕು. ನಿಮ್ಮಪ್ಪಾರ ಮಾರಿ ಹೆಂಗಿತ್ತು ಹೇಳ್ರಿ, ಹಂಗಾ ಬರೀತೀನಿ."

ಕಂದೀಲು ನೆನಪಾಯಿತು. ಗಾಜು ಒರೆಸಿ ಕಪ್ಪಾದ ಬೆರಳು ನೆನಪಾದವು. ಸಂಜೆ ಓದುವಾಗ ಅಪ್ಪ ನನ್ನ ಹಿಂದೆ ನಿಂತು ಬೆಳಕು ಹಿಡಿಯುತ್ತಿದ್ದ. ನಾನು ನೋಡಿದ್ದು ಪುಸ್ತಕವನ್ನು.

"ಫೋಟೋ?"

"ಇಲ್ಲ."

ಬಸಣ್ಣ ಕುಂಚ ತೊಳೆದಿಟ್ಟ. "ಮನ್ಯಾಗ ಕೇಳಿಕೊಂಡು ಬರ್ರಿ ಮಾಸ್ತರ."

ತಿರುಗಿ ಬರುವಾಗ ಬಸ್ಸಿನಲ್ಲಿ ಕೂಡಲು ಜಾಗ ಸಿಗಲಿಲ್ಲ. ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಕೇಳಿದೆ: "ಯವ್ವಾ, ಅಪ್ಪನ ಮಾರಿ ಹೆಂಗಿತ್ತು?"

"ಹೆಂಗಿತ್ತು ಅಂದ್ರ? ಕಂದೀಲ ಗಾಜು ಒಡದು ಬಲಗಲ್ಲ ಸುಟ್ಟಿತ್ತಲ್ಲೋ. ಇಷ್ಟಗಲ ಕಲಿ ಉಳದಿತ್ತು. ಬಿ.ಎ. ಮಾಡೀದಿ, ಅಷ್ಟೂ ನೋಡಿಲ್ಲೇನು?"

"ಇಲ್ಲ."

ಅವ್ವ ನನ್ನ ಕೈಯಿಂದ ಗಂಟು ತೆಗೆದುಕೊಂಡಳು. "ಹೆಂಗ ನೋಡ್ತಿ? ಕೂಸು ಅಂಜತೈತಿ ಅಂತ ನಿನ್ನ ಮುಂದ ಆ ಗಲ್ಲ ಯಾವಾಗಲೂ ನೆಳ್ಳಿಗೇ ಹಿಡೀತಿದ್ದ."

ನಾಳೆ ಬೆಳಗಿನ ಬಸ್ಸಿಗೆ ಮತ್ತೆ ಸುರಪುರ. ಬಸಣ್ಣ ಮೊದಲು ಗಲ್ಲದ ಆ ಕಲೆ ಬರೆಯಲಿ. ನೆರಳು ಆಮೇಲೆ.