ದುರುಗಕ್ಕ ಕಾಯಿಸಿದ ನೀರು

ಆರೋಗ್ಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ ದಿನ ನನಗೆ ಶಾಲು ಹೊದಿಸಿ, "ನಾಗೇಂದ್ರಪ್ಪನವರು ಮನೆಮನೆಗೆ ಆರೋಗ್ಯ ತಲುಪಿಸಿದವರು" ಎಂದು ಭಾಷಣ ಮಾಡಿದರು. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ. ಮನೆಮನೆಗೆ ಹೋದವಳು ದುರುಗಕ್ಕ. ನಾನು ಚಳ್ಳಕೆರೆಯಿಂದ ಬಸ್ಸಿನಲ್ಲಿ ಹೋಗಿ, ಗೋಡೆಗೆ ಭಿತ್ತಿಪತ್ರ ಅಂಟಿಸಿ, ರಿಜಿಸ್ಟರಿಗೆ ನಾಲ್ಕು ಹೆಬ್ಬೆಟ್ಟು ಒತ್ತಿಸಿಕೊಂಡು ಸಂಜೆಯ ಬಸ್ಸಿಗೆ ವಾಪಸಾಗುತ್ತಿದ್ದ ಆರೋಗ್ಯ ಸಹಾಯಕ. ಅವಳು ತೀರಿಕೊಂಡು ಎರಡು ವರ್ಷವಾಯಿತು. ಇನ್ನಾದರೂ ನಾನು ಬಾಯಿ ಬಿಡಬೇಕು.

ಮೊಳಕಾಲ್ಮೂರಿನಿಂದ ಆಂಧ್ರದ ಗಡಿ ಕಡೆಗೆ ಹೋದರೆ ಕರಿಗುಡ್ಡದಹಟ್ಟಿ ಸಿಗುತ್ತದೆ. ಎಂಬತ್ತು ಮನೆ. ಅರ್ಧ ಕನ್ನಡ, ಅರ್ಧ ತೆಲುಗು, ಬೈಯುವಾಗ ಎರಡೂ. ಅಲ್ಲಿನ ಅಂಗನವಾಡಿಯಲ್ಲಿ ದುರುಗಕ್ಕ ಸಹಾಯಕಿ. ಮಕ್ಕಳನ್ನು ಕರೆತರುವುದು, ಉಪ್ಪಿಟ್ಟು ಬೇಯಿಸುವುದು, ಮೂಗು ಒರೆಸುವುದು ಅವಳ ಕೆಲಸ. ಗಂಡ ಬೊಮ್ಮಣ್ಣ ಕೂಲಿಗೆ ಹೋಗುತ್ತಿದ್ದ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ, ಹಿಡಿದದ್ದನ್ನು ಬಿಡುತ್ತಿರಲಿಲ್ಲ.

ತೊಂಬತ್ತೊಂದರ ಮಳೆಗಾಲದಲ್ಲಿ ಆ ಹಟ್ಟಿಗೆ ವಾಂತಿಭೇದಿ ಬಂತು. ಊರವರೆಲ್ಲ ಕುಡಿಯುತ್ತಿದ್ದದ್ದು ಒಂದೇ ಸೇದುವ ಬಾವಿಯ ನೀರು, ಆ ಬಾವಿಗೆ ಕಟ್ಟೆಯೂ ಇರಲಿಲ್ಲ. ತಿಪ್ಪೆಯ ನೀರೆಲ್ಲ ಹರಿದು ಅದಕ್ಕೇ ಸೇರಿತ್ತು. ಒಂಬತ್ತು ದಿನದಲ್ಲಿ ಏಳು ಜನ ಹೋದರು. ಅವರಲ್ಲಿ ದುರುಗಕ್ಕನ ಮಗ ಮಾರುತಿಯೂ ಒಬ್ಬ. ನಾಲ್ಕು ವರ್ಷದವನು. ಬೊಮ್ಮಣ್ಣ ಅವನನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿದಾಗ ಮೊಳಕಾಲ್ಮೂರಿನ ಬಸ್ಸು ಹೋಗಿಬಿಟ್ಟಿತ್ತು.

ಅದಾದ ಮೂರನೆಯ ದಿನ ಬ್ಲೀಚಿಂಗ್ ಪುಡಿಯ ಚೀಲದ ಸಮೇತ ನಾನು ಹಟ್ಟಿಗೆ ಹೋದೆ. ದುರುಗಕ್ಕ ಎದುರಿಗೆ ಬಂದು ನಿಂತಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

"ಯಾವುದ್ರಿಂದ ಆತು ಸಾರ್, ಹೇಳ್ರಿ."

"ಬಾವಿ ನೀರಿಂದ ಕಣಮ್ಮ. ಇನ್ನು ಮೇಲೆ ಅದನ್ನ ಮುಟ್ಟಬೇಡಿ. ಊರಾಚೆ ಹೊಸ ಬೋರು ಹಾಕಿಸಿದ್ದಾರಲ್ಲ, ಅದರ ನೀರೇ ಕುಡೀರಿ. ಕಾಯಿಸಿ ಕುಡೀರಿ."

"ಎಷ್ಟೊತ್ತು ಕಾಯ್ಸಬೇಕು?"

ಒಂದು ಕುದಿ ಬಂದರೆ ಸಾಕು ಎಂದು ನನ್ನ ಕೈಪಿಡಿಯಲ್ಲೇ ಅಚ್ಚಾಗಿತ್ತು. ಆದರೆ ಬಸ್ಸಿನ ಹೊತ್ತಾಗಿತ್ತು. "ಎಷ್ಟು ಕಾಯಿಸಿದರೆ ಅಷ್ಟು ಒಳ್ಳೇದು" ಎಂದು ಹೇಳಿ ಹೊರಟುಬಿಟ್ಟೆ.

ಅವಳು ಅದನ್ನೇ ಹಿಡಿದಳು. ಮರುದಿನವೇ ಗಂಡನನ್ನು ಕರೆದುಕೊಂಡು ಹೋಗಿ ಹಳೆಯ ಬಾವಿಯ ಬಾಯಿಗೆ ಜಾಲಿಮುಳ್ಳು ಹೊದಿಸಿದಳು. ಮೂರು ತಂಬಿಗೆ ನೀರು ಎರಡು ತಂಬಿಗೆ ಆಗುವವರೆಗೆ ಕುದಿಸಬೇಕು ಎಂದು ಊರಿಗೇ ಕಟ್ಟಳೆ ಮಾಡಿದಳು. ಬೆಳಗ್ಗೆ ಮಕ್ಕಳನ್ನು ಕರೆಯಲು ಹೋದವಳು ನೆಟ್ಟಗೆ ಅಡುಗೆಮನೆಗೆ ನುಗ್ಗಿ ಕುಡಿಯುವ ನೀರಿನ ಬಿಂದಿಗೆ ಮುಟ್ಟಿ ನೋಡುತ್ತಿದ್ದಳು. ತಣ್ಣಗಿದ್ದರೆ ಆ ಮನೆಯವರ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. "ಸೌದೆ ಏನು ನಿಮ್ಮಪ್ಪ ತಂದು ಹಾಕ್ತಾನೇನೇ?" ಎಂದು ಒಬ್ಬಳು ರೇಗಿದರೆ, ಸಂಜೆಗೆ ಅವಳ ಬಾಗಿಲಿಗೆ ಒಂದು ಹೊರೆ ಸೌದೆ ತಂದು ಒಗೆದು, "ನಮ್ಮಪ್ಪ ಸತ್ತು ಬೇಕಾದಷ್ಟು ವರ್ಷ ಆತು, ನಾನೇ ತಂದೀನಿ, ಕಾಯ್ಸು" ಎಂದಳು. ಆಮೇಲೆ ಆ ಹಟ್ಟಿಯಲ್ಲಿ ವಾಂತಿಭೇದಿ ಕಾಣಿಸಿಕೊಳ್ಳಲಿಲ್ಲ. ಮೆಚ್ಚುಗೆಯ ಪತ್ರ ಬಂದದ್ದು ನನಗೆ.

ಮಾರುತಿ ಹೋದ ಮರುವರ್ಷ ಅವಳಿಗೆ ಒಂದು ಹೆಣ್ಣುಮಗು ಹುಟ್ಟಿತು. ರಾಧಿ. ಆಮೇಲೆ ಮಕ್ಕಳಾಗಲಿಲ್ಲ. ಈ ಮಗುವಿಗೆ ಮನೆಯಲ್ಲಿ ಬತ್ತಿಸಿದ ನೀರು ಬಿಟ್ಟು ಬೇರೆ ನೀರು ಗೊತ್ತಿರಲಿಲ್ಲ. ನೆಂಟರ ಮದುವೆಗೆ ಹೋದರೂ ದುರುಗಕ್ಕನ ಕಂಕುಳಲ್ಲಿ ಒಂದು ನೀರಿನ ಬಾಟಲಿ ಇರುತ್ತಿತ್ತು.

ಎರಡು ಸಾವಿರದ ಎರಡರಲ್ಲಿ ಒಂದು ಮೆಡಿಕಲ್ ಕಾಲೇಜಿನಿಂದ ಡಾಕ್ಟರ್ ಓಂಕಾರಮೂರ್ತಿ ಎಂಬವರು ಗಡಿಯ ಹಳ್ಳಿಗಳ ಮಕ್ಕಳನ್ನು ಪರೀಕ್ಷಿಸಲು ಬಂದರು. ದಾರಿ ತೋರಿಸಲು ಇಲಾಖೆ ನನ್ನನ್ನು ಜೊತೆಗೆ ಕಳಿಸಿತು. ಅಂಗನವಾಡಿಯ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಯಿ ತೆರೆಸಿದರು. ದೊಡ್ಡ ಮಕ್ಕಳ ಹಲ್ಲಿನ ಮೇಲೆಲ್ಲ ಕಂದು ಗೆರೆ.

ದುರುಗಕ್ಕನಿಗೆ ನಾಚಿಕೆಯಾಯಿತು. "ಇವು ನೆಟ್ಟಗೆ ಹಲ್ಲು ತಿಕ್ಕಲ್ಲ ಡಾಕ್ಟ್ರೇ. ನಾನೇ ಇದ್ದಲು ಹಾಕಿ ರಕ್ತ ಬರಂಗೆ ತಿಕ್ಕೀನಿ. ಆದ್ರೂ ಹೋಗವಲ್ವು."

"ತಿಕ್ಕಬೇಡಮ್ಮ" ಎಂದರು ಡಾಕ್ಟರು. "ಇದು ಕೊಳೆ ಅಲ್ಲ. ಮಕ್ಕಳದೇನೂ ತಪ್ಪಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಇಷ್ಟು ವರ್ಷ ಆ ಮಕ್ಕಳ ವಸಡು ಕಿತ್ತುಹೋಗುವ ಹಾಗೆ ಉಜ್ಜಿದ್ದಳು. ಅವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಡಾಕ್ಟರು ಮಕ್ಕಳಿಗೆ ಮೊಣಕಾಲು ಜೋಡಿಸಿ ನಿಲ್ಲಲು ಹೇಳಿದರು. ಕೆಲವರ ಮೊಣಕಾಲು ಒಂದಕ್ಕೊಂದು ತಾಗಿದರೂ ಪಾದಗಳು ಕೂಡಲಿಲ್ಲ. ಎಲ್ಲರಿಗಿಂತ ಅಗಲವಾಗಿ ನಿಂತದ್ದು ಹತ್ತು ವರ್ಷದ ರಾಧಿಯ ಪಾದ, ಒಂದು ಗೇಣಿಗೂ ಹೆಚ್ಚು. ದೊಡ್ಡವರನ್ನೂ ಕರೆದು ನೋಡಿದರು. ನಲವತ್ತು ದಾಟಿದ ಯತ್ತಪ್ಪನಿಗೆ ಕತ್ತು ಬಗ್ಗಿಸಲಾಗದು, ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ಅದನ್ನು ಊರವರು ವಾಯು ಎನ್ನುತ್ತಿದ್ದರು. ನಾನೂ ಹಾಗೆಂದೇ ಬರೆದುಕೊಂಡಿದ್ದೆ.

"ಯಾವ ನೀರು ಕುಡೀತೀರಮ್ಮ?" ಎಂದು ಡಾಕ್ಟರು ಕೇಳಿದರು.

"ಬೋರಿಂದು ಡಾಕ್ಟ್ರೇ. ಹಸಿ ನೀರು ಒಬ್ರೂ ಕುಡಿಯಲ್ಲ. ಮೂರು ತಂಬಿಗೆ ಎರಡಾಗೋ ತನ್ಕ ಕಾಯ್ಸತೀವಿ" ಎಂದು ಅವಳು ಎದೆ ಉಬ್ಬಿಸಿ ಹೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಬೇವಿನ ಮರ ನೋಡಿದೆ.

ಬೋರಿನದೂ ಹಳೆಯ ಬಾವಿಯದೂ ನೀರು ತುಂಬಿಸಿಕೊಂಡು ಹೋದರು. ಎರಡು ವಾರದ ಮೇಲೆ ಫಲಿತಾಂಶದೊಡನೆ ಅವರೇ ಬಂದರು. ದೊಡ್ಡ ಡಾಕ್ಟರುಗಳು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದನ್ನೇ ನೋಡಿದ್ದೆ. ಇವರು ಅಂಗನವಾಡಿಯ ಚಾಪೆಯ ಮೇಲೆ ದುರುಗಕ್ಕನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು.

"ನೆಲದ ಆಳದಲ್ಲಿ ಕೆಲವು ಕಡೆ ಫ್ಲೋರೈಡ್ ಅಂತ ಒಂದು ಲವಣ ಇರುತ್ತೆ. ಕಣ್ಣಿಗೆ ಕಾಣಲ್ಲ, ನಾಲಿಗೆಗೆ ಗೊತ್ತಾಗಲ್ಲ. ನಿಮ್ಮ ಬೋರಿನಲ್ಲಿ ಅದು ಇರಬೇಕಾದ್ದಕ್ಕಿಂತ ಮೂರು ಪಟ್ಟು ಹೆಚ್ಚಿದೆ. ಅದೇ ಹಲ್ಲಿಗೆ, ಮೂಳೆಗೆ ಹೋಗಿ ಕೂರುತ್ತೆ."

"ಕಾಯ್ಸಿದ್ರೂನಾ?"

"ಸಾರು ಕುದ್ದು ಬತ್ತಿದರೆ ಅದರಲ್ಲಿರೋ ಉಪ್ಪು ಏನಾಗುತ್ತಮ್ಮ?"

"ಜಾಸ್ತಿ ಆಗ್ತೈತೆ" ಎಂದಳು. ಮುಖದ ಬಣ್ಣ ಹೋಯಿತು. ಮತ್ತೆ ವಿವರಿಸುವುದು ಬೇಕಾಗಲಿಲ್ಲ. ಅವಳು ಕೇಳಿದಳು, "ಈ ನೀರು ಬಿಟ್ರೆ ನನ್ನ ಮಗಳ ಕಾಲು ನೆಟ್ಟಗಾಗ್ತಾವಾ?"

"ಸುಳ್ಳು ಹೇಳಲಾರೆ. ಬಗ್ಗಿದ್ದು ಪೂರ್ತಿ ನೆಟ್ಟಗಾಗಲಿಕ್ಕಿಲ್ಲ. ಇನ್ನಷ್ಟು ಬಗ್ಗೋದನ್ನ ನಿಲ್ಲಿಸಬಹುದು. ಮುಂದೆ ಹುಟ್ಟೋ ಮಕ್ಕಳನ್ನ ಉಳಿಸಬಹುದು."

ಅವರು ಹೇಳಿದಂತೆಯೇ ಆಯಿತು. ರಾಧಿ ಇಂದು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರ ಮನೆಯಲ್ಲಿ ನೂಲು ಸುತ್ತುತ್ತಾಳೆ. ಮಗ್ಗದ ಗುಂಡಿಗೆ ಇಳಿದು ತುಳಿಯಲು ಅವಳ ಮೊಣಕಾಲು ಬಿಡುವುದಿಲ್ಲ.

"ಮತ್ತೆ ಯಾವ ನೀರು ಕುಡೀಬೇಕು ನಾವು?" ಎಂದು ದುರುಗಕ್ಕ ಕೇಳಿದಳು.

"ಹಳೇ ಬಾವೀದು ಚೆನ್ನಾಗಿದೆ. ಹೂಳು ತೆಗೆಸಿ, ಕಟ್ಟೆ ಕಟ್ಟಿಸಿ, ಔಷಧಿ ಹಾಕಿ, ಒಂದೇ ಒಂದು ಕುದಿ ಬರಿಸಿ ಕುಡೀರಿ. ಪೈಪಿನ ನೀರು ಬರೋಕೆ ವರ್ಷಗಳೇ ಬೇಕು."

"ಆ ಬಾವಿ ನನ್ನ ಮಗನ್ನ ತಿಂದೈತೆ ಡಾಕ್ಟ್ರೇ."

"ಗೊತ್ತಮ್ಮ. ಬೇರೆ ದಾರಿ ಇದ್ದಿದ್ದರೆ ನಿನಗೆ ಇದನ್ನ ಹೇಳ್ತಿರಲಿಲ್ಲ" ಎಂದರು.

ಅವರ ಜೀಪು ಹೋದ ಮೇಲೆ ನಾನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ, "ಇಲಾಖೆಯಿಂದ ಒಂದು ಬೋರ್ಡು ಹಾಕಿಸೋಣ ಬಿಡು, ನೀನು ಯಾಕೆ ಮೈಮೇಲೆ ಹಾಕ್ಕೋತೀಯ" ಎಂದೆ.

"ಬೋರ್ಡು ಓದಾಕೆ ಯಾರಿಗೆ ಬರ್ತೈತೆ ಸಾರ್? ಬಾಯಾಗೆ ಹೇಳಿದ್ದನ್ನ ಬಾಯಾಗೇ ಹೇಳ್ಬೇಕು."

ಆ ಶುಕ್ರವಾರ ಮಾರಮ್ಮನ ಗುಡಿಯ ಮುಂದೆ ಊರು ಸೇರಿತು. ಅವಳು ಎದ್ದು ನಿಂತು ಸಾರಿನ ಉಪ್ಪಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಆಮೇಲೆ ಯತ್ತಪ್ಪ ಮೈ ತಿರುಗಿಸಿ ಅವಳನ್ನು ನೋಡಿದ.

"ಹತ್ತು ವರ್ಷದಿಂದ ಇದನ್ನೇ ಕುಡೀರಿ ಅಂತ ಪ್ರಾಣ ತಿಂದಿ. ಈಗ ಇದೇ ವಿಷ ಅಂತೀಯ. ಹಂಗೆ ಬತ್ತಿಸಿ ಕುಡೀರಿ ಅಂತ ನಿಂಗೆ ಹೇಳ್ದೋರು ಯಾರವ್ವಾ?"

ನಾನು ಅವಳಿಂದ ಎರಡು ಮಾರು ದೂರದಲ್ಲಿ ರಿಜಿಸ್ಟರು ಹಿಡಿದು ನಿಂತಿದ್ದೆ. ಸಸ್ಪೆಂಡ್ ಆದರೆ ಏನು ಗತಿ ಎಂಬುದೊಂದೇ ತಲೆಯಲ್ಲಿ ಓಡುತ್ತಿತ್ತು. ಅವಳು ನನ್ನ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ.

"ಯಾರೂ ಹೇಳಿಲ್ಲಣ್ಣ. ನನ್ನ ತಲೆಗೆ ಬಂತು, ಮಾಡ್ದೆ. ತಪ್ಪು ನಂದೇ."

"ಹಾಲು ಕುಡಿದ ಮಕ್ಕಳೇ ಬದುಕಲ್ಲ, ನೀನು ನಮ್ಮ ಮಕ್ಕಳಿಗೆ ವಿಷ ಕುಡಿಸಿದ್ಯಲ್ಲೇ!" ಎಂದು ಹೆಂಗಸರ ಗುಂಪಿನಿಂದ ಒಬ್ಬಳು ಕೂಗಿದಳು. ಇನ್ನೊಬ್ಬಳು ನೆಲಕ್ಕೆ ಉಗಿದಳು. ದುರುಗಕ್ಕ ಎಲ್ಲರದೂ ಮುಗಿಯುವವರೆಗೆ ನಿಂತು ಕೇಳಿಸಿಕೊಂಡಳು. ನಾನೂ ಕೇಳಿಸಿಕೊಂಡೆ. ಬಾಯಿ ಬಿಡಲಿಲ್ಲ. ನನ್ನ ಬದುಕಿನಲ್ಲಿ ಅದಕ್ಕಿಂತ ಹೇಡಿ ಕೆಲಸ ಮಾಡಿಲ್ಲ.

ಮಾರನೆಯ ದಿನ ಗಂಡಹೆಂಡಿರಿಬ್ಬರೇ ಬಾವಿಯ ಮುಳ್ಳು ಎಳೆದು ಹಾಕಿದರು. ಡಾಕ್ಟರು ಪಂಚಾಯ್ತಿಯವರ ಬೆನ್ನು ಹತ್ತಿ ಹೂಳು ತೆಗೆಸಿ ಕಟ್ಟೆ ಕಟ್ಟಿಸಿದರು. ನಾನು ಔಷಧಿ ಹಾಕಿ ಮತ್ತೆ ನೀರು ಪರೀಕ್ಷೆಗೆ ಕಳಿಸಿದೆ. ಕುಡಿಯಲು ಯೋಗ್ಯ ಎಂದು ಚೀಟಿ ಬಂತು. ಆದರೆ ಚೀಟಿ ಬಂದ ವಾರದ ಭಾನುವಾರ ಬಿಂದಿಗೆ ಹಿಡಿದು ಬಂದ ಊರವರು ಬಾವಿಯ ಸುತ್ತ ನಿಂತರೇ ಹೊರತು ಒಬ್ಬರೂ ಮುಂದೆ ಬರಲಿಲ್ಲ. ಆ ನೀರು ಮುಟ್ಟಿದರೆ ಸಾವು ಎಂದು ಹತ್ತು ವರ್ಷ ಕಲಿಸಿದವಳು ಅವಳೇ.

ದುರುಗಕ್ಕ ಕೊಡ ಸೇದಿದಳು. ಅಲ್ಲೇ ಮೂರು ಕಲ್ಲು ಹೂಡಿ, ಎಲ್ಲರ ಕಣ್ಣೆದುರು ಒಂದು ಕುದಿ ಬರಿಸಿ ಆರಿಸಿದಳು. ಒಂದು ಲೋಟಕ್ಕೆ ಬಗ್ಗಿಸಿದಳು. ಅವಳೇ ಕುಡಿಯುತ್ತಾಳೆ ಎಂದುಕೊಂಡಿದ್ದೆವು. ಅವಳು, "ಬಾರೇ ರಾಧಿ" ಎಂದು ಮಗಳನ್ನು ಕರೆದಳು.

ಬೊಮ್ಮಣ್ಣ ಅವಳ ಮುಂಗೈ ಹಿಡಿದುಕೊಂಡ. "ಲೇ, ನಮಗಿರೋದು ಇದೊಂದೇ ಐತೆ ಕಣೇ."

"ಅದ್ಕೇ" ಎಂದಳು.

ರಾಧಿ ಒಂದೇ ಗುಕ್ಕಿಗೆ ಕುಡಿದು, "ಸವುಳು ಐತೆ ಕಣವ್ವ" ಎಂದು ಮುಖ ಹಿಂಡಿದಳು. ಊರವರು ಖಾಲಿ ಬಿಂದಿಗೆಗಳೊಂದಿಗೆ ಮನೆಗೆ ಹೋದರು.

ನಾನು ಮೊದಲ ಸಲ ಸಂಜೆಯ ಬಸ್ಸು ಹತ್ತಲಿಲ್ಲ. ಚೀಲದ ತುಂಬ ಓಆರ್‌ಎಸ್ ಪೊಟ್ಟಣ ಇಟ್ಟುಕೊಂಡು ಅಂಗನವಾಡಿಯಲ್ಲೇ ಮೂರು ದಿನ ಉಳಿದೆ. ಮಜ್ಜಿಗೆ ಕೇಳುವ ನೆಪ, ಬೆಂಕಿಕಡ್ಡಿ ಕೇಳುವ ನೆಪ ಹೇಳಿಕೊಂಡು ಹೆಂಗಸರು ದುರುಗಕ್ಕನ ಮನೆಗೆ ಬಂದು ರಾಧಿಯ ಮುಖ ನೋಡಿ ಹೋಗುತ್ತಿದ್ದರು. ದುರುಗಕ್ಕ ಹೊಸ್ತಿಲ ಮೇಲೆ ಕೂತು, ಮಗಳು ಬಯಲಿಗೆ ಎಷ್ಟು ಸಲ ಹೋದಳೆಂದು ಎಣಿಸುತ್ತಿದ್ದಳು. ಅಂಥ ಮೂರು ದಿನ ಯಾವ ತಾಯಿಗೂ ಬೇಡ. ಹುಡುಗಿ ಮಾತ್ರ ಮೊಣಕಾಲು ತಾಗಿಸಿಕೊಂಡು ದಿನಾ ಶಾಲೆಗೆ ಹೋಗಿ ಬಂದಳು.

ನಾಲ್ಕನೆಯ ಬೆಳಿಗ್ಗೆ ಯತ್ತಪ್ಪ ಹೆಗಲ ಮೇಲೆ ಬಿಂದಿಗೆ ಇಟ್ಟುಕೊಂಡು ಬಾವಿಯ ಹತ್ತಿರ ಬಂದ. ಬಗ್ಗಿ ನೋಡಲು ಆಗದೆ, "ಹಗ್ಗ ಎಲ್ಲೈತವ್ವಾ?" ಎಂದ. ಅವನ ಹಿಂದೆ ಇನ್ನಿಬ್ಬರು ಹೆಂಗಸರು. ಬಿಸಿಲೇರುವಷ್ಟರಲ್ಲಿ ಸಾಲು ಬೆಳೆಯಿತು. ದುರುಗಕ್ಕ ಕಟ್ಟೆಯ ಮೇಲೆ ಕುಸಿದು ಕೂತು, ಮಾರುತಿಯ ಹೆಸರು ಹಿಡಿದು ಗಟ್ಟಿಯಾಗಿ ಅತ್ತಳು. ಅವನು ಸತ್ತ ದಿನ ಅಳದವಳು ಎಂದು ಊರವರು ಅವಳನ್ನು ಕಲ್ಲೆದೆಯವಳು ಎನ್ನುತ್ತಿದ್ದರು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ, ತಮ್ಮ ಪಾಡಿಗೆ ನೀರು ಸೇದಿಕೊಂಡರು.

ಜನ ಕರಗಿದ ಮೇಲೆ ನಾನು ಅವಳ ಹತ್ತಿರ ಹೋದೆ. "ಇವತ್ತು ಸಂಜೆ ಎಲ್ಲರನ್ನೂ ಸೇರಿಸಿ ಹೇಳಿಬಿಡ್ತೀನಿ ದುರುಗಕ್ಕ. ಹೇಳಿದ್ದು ನಾನು ಅಂತ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಸುಮ್ನಿರ್ರಿ ಸಾರ್. ನನ್ನ ಮಾತಿಗಿದ್ದ ಬೆಲೆ ಹೋದದ್ದು ಹೋತು. ನಿಮ್ದೂ ಹೋದ್ರೆ, ಮುಂದಿನ ವಾರ ಪೋಲಿಯೋ ಹನಿ ತಂದಾಗ ಯಾರು ಮಕ್ಕಳ ಬಾಯಿ ತೆರೆಸ್ತಾರೆ?"

ನಾನು ಸುಮ್ಮನಾದೆ. ಅವಳ ಮಾತು ಸರಿಯಾಗಿತ್ತು, ನನಗೆ ಅನುಕೂಲವೂ ಆಗಿತ್ತು. ಎರಡರಲ್ಲಿ ಯಾವುದಕ್ಕಾಗಿ ಸುಮ್ಮನಾದೆ ಎಂದು ಇಂದಿಗೂ ನನಗೆ ತಿಳಿಯದು.

ಮುಂದಿನ ಭಾನುವಾರ ಅಂಗನವಾಡಿಯಲ್ಲಿ ಪೋಲಿಯೋ ಹನಿ ಹಾಕಿದೆವು. ಹಟ್ಟಿಯ ಮಕ್ಕಳೆಲ್ಲ ಬಂದರು. ಗುಡಿಯ ಮುಂದೆ ಅಂದು ಉಗಿದಿದ್ದ ಹೆಂಗಸೂ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ದುರುಗಕ್ಕ ವಾಡಿಕೆಯಂತೆ ಮಗುವಿಗೆ ಎರಡೂ ಕೈ ಚಾಚಿದಳು.

"ನೀನು ಮುಟ್ಟಬ್ಯಾಡ" ಎಂದಳು ಆ ಹೆಂಗಸು. "ಸಾರೇ ಹಾಕ್ಲಿ. ಅವರು ತಿಳಿದೋರು."

ದುರುಗಕ್ಕ ಪಕ್ಕಕ್ಕೆ ಸರಿದು ನಿಂತಳು. ನಾನು ಮಗುವಿನ ಬಾಯಿಗೆ ಎರಡು ಹನಿ ಹಾಕಿದೆ.