ಶನಿಯ ಮೈಮೇಲೊಂದು ಗೀರು

"ಲೆನ್ಸಿನಾಗ ಗೀರು ಬಿದ್ದೈತೋ ತಮ್ಮಾ. ನನ್ನ ಕಣ್ಣು ಹ್ವಾತು!"

ಕಳೆದ ವಾರ ಸಂಜೆ, ನಮ್ಮ ಮಾಳಿಗೆಯ ಮೇಲೆ ಟೆಲಿಸ್ಕೋಪಿನಿಂದ ಮುಖ ಎತ್ತಿ ಗುರುಸಿದ್ದಪ್ಪ ಕಾಕಾ ಹೀಗೆಂದರು.

ಕಾಕಾ ಹುಬ್ಬಳ್ಳಿಯ ಹತ್ತಿ ವ್ಯಾಪಾರಿ. ಎಳೆ ಎಳೆದು ಬೆಳಕಿಗೆ ಹಿಡಿದರೆ ಸಾಕು, ಮಾಲು ಎಂಥದ್ದೆಂದು ಹೇಳುವ ಕಣ್ಣು. ಅದಕ್ಕೇ ಪೊರೆ ಬಂತು. ಆಪರೇಷನ್ ಆಗಿ ಕಣ್ಣೊಳಗೆ ಹೊಸ ಲೆನ್ಸ್ ಕೂತಿತು. ಸತ್ತೂರಿನ ಆಸ್ಪತ್ರೆಯ ಕಣ್ಣಿನ ಡಾಕ್ಟರು "ಫಸ್ಟ್ ಕ್ಲಾಸ್" ಎಂದರು. ಕಾಕಾ ನಂಬಬೇಕಲ್ಲ? ಸೀಸನ್ ಶುರುವಾದರೂ ಅಂಗಡಿ ಕಡೆ ತಲೆ ಹಾಕಲಿಲ್ಲ.

"ಹಿಂದ ಒಮ್ಮೆ ದುರ್ಬೀನಿನಾಗ ಶನಿ ಸುತ್ತಿನ ಉಂಗುರದಂಥ ಬಳಿ ನೋಡೇನಿ. ಏನ್ ಅಗಲ ಇತ್ತಂತಿ! ಅದು ಮತ್ತ ಕಂಡ್ರ ಕಣ್ಣು ಖರೇ ಛಲೋ ಆಗೈತಿ ಅಂತ ತಿಳದು ಅಂಗಡಿ ತಗೀತೇನಿ" ಎಂದು ಹಟ ಹಿಡಿದರು.

ಕಾಕಿ ಉರಿದುಬಿದ್ದರು. "ಗುಡ್ಯಾಗ ಸುದ್ದಾ ಶನಿದೇವರ ಮುಂದ ನೇರ ನಿಂದ್ರೂದಿಲ್ಲ, ಬಾಜೂಕ ನಿಂತು ಕೈ ಮುಗೀತೇವಿ. ಈ ಮನಷ್ಯಾಗ ಹೊಸಾ ಕಣ್ಣಿಗೆ ಅವನ ಬೇಕಾದನ?"

ಟೆಲಿಸ್ಕೋಪ್ ಪಕ್ಕದ ಮನೆಯ ಸಹನಾಳದು (ಫಿಸಿಕ್ಸ್ ಎಂ.ಎಸ್ಸಿ. ಓದುತ್ತಾಳೆ). ಅದನ್ನು ಹೊಂದಿಸಿಟ್ಟು ಆಕೆ ಚಹಾ ತರಲು ಕೆಳಗಿಳಿದಾಗಲೇ ಈ ಗೀರಿನ ರಾದ್ಧಾಂತ.

"ಗುಂಡು ಕಾಣಾಕತ್ತೈತಿ. ಬಳಿ ಇಲ್ಲ. ನಟ್ಟನಡಕ ಹತ್ತಿ ಎಳಿ ಹಂಗ ಗೀರು!"

ನಾನೂ ಇಣುಕಿದೆ. ಗುಂಡು ಇತ್ತು. ಬಳೆ ಇಲ್ಲ. ಗೀರೂ ಇಲ್ಲ! ಅಂದರೆ ಗೀರು ಕಾಕಾನ ಕಣ್ಣಲ್ಲೇ ಇದೆ ಎಂದಾಯಿತಲ್ಲ? ನನಗೂ ಕಂಡಿತೆಂದು ಸುಳ್ಳು ಹೇಳಲೇ? ಕಾಕಾ ನನ್ನ ಮುಖ ನೋಡಿ ಕಟ್ಟೆಯ ಮೇಲೆ ಕುಸಿದು ಕೂತರು. "ಅಂಗಡಿ ಮುಚ್ಚಿಬಿಡೂಣು" ಎಂದರು.

ಅಷ್ಟರಲ್ಲಿ ಸಹನಾ ಬಂದಳು. ಇಣುಕಿದಳು. ನಕ್ಕಳು!

"ಕಾಕಾರ, ಆ ಗೀರ ಬಳಿರಿ! ಕಾಕಿ, ಒಂದು ಖಡಕ್ ರೊಟ್ಟಿ ತರ್ರಿ."

ರೊಟ್ಟಿ ಬಂತು. ಕಾಕಾನ ಮುಖದೆದುರು ಹಿಡಿದಳು. ಅಗಲವಾಗಿ ಕಂಡಿತು. ಅಡ್ಡ ತಿರುಗಿಸಿದಳು. ಬರೀ ಅಂಚು, ಒಂದು ಗೆರೆ.

"ಬಳಿ ಭಾಳ ಅಗಲ, ಆದ್ರ ಭಾಳ ತೆಳ್ಳಗರಿ. ಈಗ ನಮಗ ಅಂಚು ತೋರಸಾಕತ್ತೈತಿ. ಮುಂದ ವರ್ಷ ವರ್ಷ ವಾಲಿಕೋಂತ ಮತ್ತ ಅಗಲ ಕಾಣ್ತೈತಿ."

ಆಮೇಲೆ ರೊಟ್ಟಿಯನ್ನು ಪಟಪಟನೆ ಮುರಿದಳು. ಯಾವುದೋ ಚಂದ್ರ ಶನಿಗೆ ತೀರಾ ಸಮೀಪ ಹೋಗಿ, ಅದರ ಸೆಳೆತಕ್ಕೆ ಹೀಗೇ ಚೂರಾಗಿರಬಹುದಂತೆ. ಆ ಚೂರುಗಳೇ ಸುತ್ತುತ್ತ ಬಳೆಯಾಗಿವೆ. ಬಹುಪಾಲು ಮಂಜುಗಡ್ಡೆ, ಅದಕ್ಕೇ ಆ ಹೊಳಪು. ಯುರೇನಸ್ಸಿಗೂ ಬಳೆಗಳುಂಟು, ಆದರೆ ಮಸಿಯಂಥ ಕಪ್ಪು ಚೂರು, ಇಂಥ ಟೆಲಿಸ್ಕೋಪಿಗೆ ಸಿಗುವುದೇ ಇಲ್ಲ. (ನಮ್ಮ ರೊಟ್ಟಿ ಚೂರುಗಳು ನನ್ನ ಹೊಟ್ಟೆ ಸೇರಿದವು.)

"ಹಂಗಾರ ನನ್ನ ಲೆನ್ಸು?"

"ಫಸ್ಟ್ ಕ್ಲಾಸ್ರಿ!"

ಕಾಕಾ ಹೊಸ ಕಣ್ಣು ಒರೆಸಿಕೊಂಡರು. ಅಬ್ಬಾ, ನನಗೂ ಹೋದ ಜೀವ ಬಂದಂತಾಯಿತು. ಶನಿ ತಾನೇ ಪಕ್ಕಕ್ಕೆ ತಿರುಗಿ ಅಂಚು ತೋರಿಸುತ್ತಿದ್ದಾನೆಂದು ಕಾಕಿಗೂ ಧೈರ್ಯ ಬಂತು. ಇಣುಕಿ, "ಅಯ್ಯ, ಗೀರು ಕಾಣ್ತೈತ್ರೀ!" ಎಂದು ಕೈ ಮುಗಿದರು.

ಮೊದಲಿನಂತೆ ಕಾಣದಿದ್ದರೆ ಕಣ್ಣೇ ಕೆಟ್ಟಿರಬೇಕೇ? ಎಂಥ ನೀತಿ! ಈ ವಾರದ ಅಂಕಣಕ್ಕೆ ಸಾಕೆಂದು ಬೀಗುತ್ತ ಮತ್ತೆ ಇಣುಕಿದೆ. ಗುಂಡು. ಕನ್ನಡಕ ಒರೆಸಿ ನೋಡಿದೆ. ತೆಗೆದೂ ನೋಡಿದೆ. ಬರೀ ಗುಂಡು.

ಕಾಕಾ ಹೆಗಲ ಮೇಲೆ ಕೈಯಿಟ್ಟರು.

"ಅಂಜಬ್ಯಾಡೋ ತಮ್ಮಾ, ಸತ್ತೂರಿಗೆ ನಿನ್ನ ಜೋಡಿ ನಾ ಬರ್ತೇನಿ."